ಪ್ರತಿಸ್ಪರ್ಧಿಗಳು: ಇಲ್ಲ

ಎರಡನೇ ಬಿಕಾಂ, ಮಳೆ ಹಿಡಿದ ಬುಧವಾರ.
ಫ್ಲೇವಿಯನ್ ಸರ್ ಬೋರ್ಡಿನ ಮೇಲೆ ಬರೆದರು:
ಋತುಮಾನದ ಒಂದು ಸಣ್ಣ ವ್ಯಾಪಾರ.
ಯೋಜನೆಗೆ ಹತ್ತು ಅಂಕ, ಮಾಡಿ ತೋರಿಸಿದರೆ ಇಪ್ಪತ್ತು.
ಹಿಂದಿನ ಬೆಂಚು ಕೊಡೆ ಎಂದಿತು, ಪಕ್ಕದವ ಗೂಡುದೀಪ ಎಂದ,
ಹಫೀಝಾ ಆಗಲೇ ಹಪ್ಪಳದ ಲೆಕ್ಕಕ್ಕೆ ಗೆರೆ ಎಳೆಯುತ್ತಿದ್ದಳು.
ನಾನು ಬೆರಳು ಮಡಿಚಿದೆ:
ಮೊಂತಿ ಹಬ್ಬಕ್ಕೆ ಇನ್ನು ಇಪ್ಪತ್ತು ದಿನ.

ಕುಲಶೇಖರದಲ್ಲಿ ಈಗ ಅಂಗಳ ಅಂದರೆ ಇಂಟರ್‌ಲಾಕ್.
ಹೊಸ ಅಪಾರ್ಟ್‌ಮೆಂಟು ನಾಲ್ಕು, ಒಂದೊಂದರಲ್ಲಿ ನಲವತ್ತು ಮನೆ,
ಬಾಲ್ಕನಿಗೆಲ್ಲ ಮನಿಪ್ಲಾಂಟು.
ಅದು ಹೂ ಬಿಟ್ಟದ್ದನ್ನು ನಾನಂತೂ ಕಂಡಿಲ್ಲ.
ಒಂಬತ್ತು ದಿನ ಮಕ್ಕಳು ಇಗರ್ಜಿಗೆ ಹೂ ಒಯ್ಯಬೇಕು,
ಬಾಲೆ ಮರಿಯಳ ಪಾದಕ್ಕೆ.
ಒಂಬತ್ತು ದಿನವೆಂದರೆ ಒಂದು ಸೀಸನ್.

ಖಾನೆಗಳನ್ನು ನೀಲಿಯಲ್ಲಿ ತುಂಬಿದೆ.
ಸರಕು: ದಾಸವಾಳ, ಕೇಪಳ, ನಂದಬಟ್ಟಲು, ಕರ್ಣಕುಂಡಲ.
ಬಂಡವಾಳ: ಇನ್ನೂರು ಕಾಗದದ ಕುರುವೆ, ಏಳುನೂರು ರೂಪಾಯಿ.
ದರ: ಕುರುವೆಗೆ ಐದು ಹೂ, ಇಪ್ಪತ್ತು.
ಕಚ್ಚಾವಸ್ತು: ಸೊನ್ನೆ.
ಆ ಸೊನ್ನೆಯನ್ನು ಚೆಂದ ಮಾಡಿ ಬರೆದೆ,
ಎರಡು ಸಲ ತಿದ್ದಿ, ತಟ್ಟೆಯಷ್ಟು ಗುಂಡಗೆ.
ಪ್ರತಿಸ್ಪರ್ಧಿಗಳು: ಇಲ್ಲ.

ಸೊನ್ನೆಯೆಂದರೆ ಹೊಲಿಗೆಯ ಎಪ್ರೋಜಿನ್ ಬಾಯಿಯ ಬೇಲಿ,
ಅದರಾಚೆ ಇನ್ನೂ ಆರು ಬೇಲಿ.
ಯಾರ ಮಕ್ಕಳೂ ಕೊಯ್ಯಬಹುದು;
ಗೆಲ್ಲು ಮುರಿಯಬಾರದು, ಮೊಗ್ಗು ಮುಟ್ಟಬಾರದು,
ಅಷ್ಟೇ ಅಲ್ಲಿನ ಕಾನೂನು.
ಅಣ್ಣನ ಹೆಗಲೇರಿ ನಾನೂ ಕೊಯ್ದವನೇ.

ಮೊದಲ ದಿನ ಆರಕ್ಕೆ ಹೋದೆ. ನಾಲ್ಕು ಕುರುವೆ.
ಎರಡನೆಯ ದಿನ ಐದೂವರೆ. ಒಂಬತ್ತು.
ಮೂರನೆಯ ದಿನ ಐದಕ್ಕೆ, ಮೊಬೈಲ್ ಟಾರ್ಚು ಹಲ್ಲಲ್ಲಿ ಕಚ್ಚಿ.
ಆ ಹೊತ್ತಿಗೆ ದಾಸವಾಳ ಇನ್ನೂ ಬಿಚ್ಚಿರುವುದಿಲ್ಲ,
ಒದ್ದೆ ಕೊಡೆಯ ಹಾಗೆ ಸುತ್ತಿಕೊಂಡಿರುತ್ತದೆ.
ಬಕೆಟ್ಟಿನ ನೀರಲ್ಲಿ ಬಿಟ್ಟರೆ
ಏಳರ ಹೊತ್ತಿಗೆ ನನ್ನ ಬಚ್ಚಲಲ್ಲೇ ಅರಳುತ್ತದೆ.
ಇದನ್ನು 'ಸಂಶೋಧನೆ' ಎಂದು ಬರೆದುಕೊಂಡೆ.

ಐದನೆಯ ದಿನ ಇಪ್ಪತ್ತಮೂರು.
ಬೇಡಿಕೆಯ ಗೆರೆ ಬಜ್ಪೆಯ ವಿಮಾನದಂತೆ
ಮೂತಿ ಎತ್ತಿತ್ತು.
ಕೊಳ್ಳುವವರು ಅಪಾರ್ಟ್‌ಮೆಂಟಿನವರೆಂದೇ ತಿಳಿದಿದ್ದೆ.
ಆರನೆಯ ದಿನ ಮುಖ ನೋಡಿದೆ:
ಅರ್ಧಕ್ಕರ್ಧ ನಮ್ಮದೇ ಓಣಿಯ ಹೆಂಚಿನ ಮನೆಗಳವು.

ಏವ್ರಿಲ್ ಬಂದಳು, ಅಕ್ಕಿ ತೊಳೆಯುವ ತೂತಿನ ಬುಟ್ಟಿ ಹಿಡಿದು.
ತಳದಲ್ಲಿ ಎರಡು ತುಂಬೆ ಹೂ, ಒಂದು ಇರುವೆ.
"ಅಂಕಲ್, ಬೇಲಿಯಲ್ಲಿ ಒಂದೂ ಇಲ್ಲ" ಎಂದು
ಬೆವರಿಗೆ ಮೆತ್ತಗಾದ ಇಪ್ಪತ್ತರ ನೋಟು ಚಾಚಿದಳು.
ನನಗೆ ಹತ್ತೊಂಬತ್ತು. ಅಂಕಲ್ ಎಂದು ಅದುವರೆಗೆ
ಯಾರೂ ಕರೆದಿರಲಿಲ್ಲ.
ನೋಟು ತೆಗೆದುಕೊಂಡೆ.
ಎರಡು ಹೂ ಹೆಚ್ಚು ಹಾಕಿ
ಅದನ್ನು ರಿಯಾಯಿತಿಯ ಖಾನೆಗೆ ಸೇರಿಸಿದೆ.

ಉಳಿದ ಮೂರು ದಿನ ಏಳರ ನಂತರ ಹೋದೆ
ಎಂದು ಬರೆಯುವ ಆಸೆಯಿದೆ.
ಹೋದದ್ದು ಐದಕ್ಕೇ.

ಕೊನೆಯ ದಿನ ಎಪ್ರೋಜಿನ್ ಬಾಯಿ ಮೆಶಿನ್ ತುಳಿಯುತ್ತಲೇ
ಕಿಟಕಿಯಿಂದ ಕೇಳಿದರು:
"ಈ ಸಲ ಮಕ್ಕಳ ಗಲಾಟೆಯೇ ಇಲ್ಲ ಮಾರಾಯ.
ಶಾಲೆಗೆ ಪರೀಕ್ಷೆಯಾ ಎಂತ?"
ನಾನು "ಇರಬೇಕು" ಎಂದೆ.
ಸೂಜಿ ಬಟ್ಟೆಯ ಮೇಲೆ ಓಡಿತು.

ಒಟ್ಟು ನೂರ ಎಂಬತ್ತು ಕುರುವೆ.
ಲಾಭ ಎರಡು ಸಾವಿರದ ಒಂಬೈನೂರು.
ಇಪ್ಪತ್ತಕ್ಕೆ ಹತ್ತೊಂಬತ್ತು;
ಒಂದು ಹೋದದ್ದು ಕಾಗುಣಿತಕ್ಕೆ.
ಕೆಳಗೆ ಕೆಂಪು ಶಾಯಿಯಲ್ಲಿ ಸರ್:
'ಮಾರುಕಟ್ಟೆಯ ಕೊರತೆಯನ್ನು ಸರಿಯಾಗಿ ಗುರುತಿಸಿದ್ದೀರಿ.'

ಗುರುತಿಸಿದ್ದು ಹೌದು. ಆದರೆ ಆ ಕೊರತೆ
ನನ್ನ ಬಕೆಟ್ಟಿನಲ್ಲಿತ್ತು.

ಹಬ್ಬ ಕಳೆದ ಬೇಲಿಯಲ್ಲಿ ಈಗ ಕೆಂಪೋ ಕೆಂಪು.
ಹೂ ಯಾರಿಗೂ ಬೇಡ, ನನಗೂ.
ಬಸ್ಸಿಗೆ ಕಾಯುತ್ತ ಫೈಲು ತೆರೆದು
'ಇಲ್ಲ' ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆದೆ:

ಏವ್ರಿಲ್. ಎರಡನೇ ಕ್ಲಾಸು.
ಎತ್ತರ ಮೂರೂಮುಕ್ಕಾಲು ಅಡಿ.
ಏಳುವುದು ಏಳಕ್ಕೆ.